ಜಯಶೀಲ ಪಾಸ್ಟರರ ಅದ್ಭುತಗಳು

ಜಯಶೀಲ ಪಾಸ್ಟರು ಇನ್ನೊಬ್ಬರ ಕೀರ್ತಿ ಕದಿಯುವ ಮನುಷ್ಯ. ಲಗ್ಗೆರೆಯ ಲೇತ್ ಶೆಡ್ಡಿನ ಮೇಲೆ, ತಗಡಿನ ಹಾಲ್‌ನಲ್ಲಿ ಅವರ ಪೆಂತೆಕೋಸ್ತ್ ಸಭೆ ಇಪ್ಪತ್ತೆಂಟು ವರ್ಷದಿಂದ ನಡೆಯುತ್ತಿದೆ; ಅಷ್ಟು ವರ್ಷವೂ ಪೀಣ್ಯದ ಸುತ್ತ ಆದ ಒಳ್ಳೆಯದೆಲ್ಲ ಅವರ ಉಪವಾಸದಿಂದಲೇ ಆದದ್ದು. ಓಣಿಯ ಬೋರ್‌ವೆಲ್‌ನಲ್ಲಿ ನೀರು ಬಿದ್ದದ್ದು ಮೂರು ದಿನದ ಉಪವಾಸಕ್ಕೆ, ಮೆಟ್ರೊ ಬಂದದ್ದು ಇಪ್ಪತ್ತೊಂದು ದಿನದ್ದಕ್ಕೆ. ಇಷ್ಟಾಗಿಯೂ ಹೊಟ್ಟೆ ವರ್ಷದಿಂದ ವರ್ಷಕ್ಕೆ ಬೆಳೆದದ್ದನ್ನು ಮಾತ್ರ ಅವರು ಅದ್ಭುತಗಳಲ್ಲಿ ಸೇರಿಸಿಲ್ಲ. "ಬೋರ್ ಕೊರೆದವರಿಗೂ ಒಂಚೂರು ಬಿಡಿ," ಎಂದು ಹೆಂಡತಿ ರೂತಮ್ಮ ಅಂದರೆ, "ಅವರಿಗೆ ಜಾಗ ತೋರಿಸಿದ್ದು ಯಾರು?" ಎನ್ನುತ್ತಾರೆ. ಭಾನುವಾರ ಜನ ಎದ್ದು ದೇವರ ಉಪಕಾರಕ್ಕೆ ಸಾಕ್ಷಿ ಹೇಳುವಾಗ ನಡುವೆ ಬಾಯಿ ಹಾಕಿ, ನೆಗಡಿಗೆ ನ್ಯುಮೋನಿಯದ ಬಡ್ತಿ ಕೊಡುತ್ತಾರೆ. ಹೋದ ಭಾನುವಾರ, ಗಾರ್ಮೆಂಟ್ಸ್‌ಗೆ ಹೋಗುವ ರಾಯಚೂರಿನ ಮಹಾದೇವಿ ಎದ್ದಳು. "ಪಾಸ್ಟರ್ರೇ, ನೀವು ತಲಿ ಮ್ಯಾಲ ಕೈ ಇಟ್ರಿ, ಎರಡು ತಿಂಗಳದಾಗ ಕೆಮ್ಮು ನಿಂತೈತ್ರಿ. ಇನ್ನ ಟಿಬಿ ಗುಳಿಗಿ ನನಗ ಬ್ಯಾಡ್ರಿ," ಎಂದು ಉಳಿದ ಮಾತ್ರೆಗಳನ್ನು ಅವರ ಮೇಜಿನ ಮೇಲಿಟ್ಟಳು. ಸಭೆಯೆಲ್ಲ ಹಲ್ಲೆಲೂಯ ಎಂದಿತು. ಇಂಥದೊಂದು ಸಾಕ್ಷಿಗಾಗಿ ಗಂಡ ಎಷ್ಟು ವರ್ಷ ಕಾದಿದ್ದರೆಂದು ರೂತಮ್ಮನಿಗೆ ಗೊತ್ತಿತ್ತು. ಪಾಸ್ಟರು ಮಾತ್ರ ಹಲ್ಲೆಲೂಯ ಎನ್ನಲಿಲ್ಲ. "ನನ್ನ ಕೈಯಿಂದ ಏನೂ ಆಗಿಲ್ಲ ಕಣಮ್ಮ, ಮಾತ್ರೆಯಿಂದ ನಿಂತಿರೋದು. ಈಗ ಬಿಟ್ರೆ ಸತ್ತೋಗ್ತೀಯ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಆಮೇಲೆ ಅವಳ ಅಂಗೈಗೆ ಅಂದಿನ ಮಾತ್ರೆ ಹಾಕಿ, ತಾವು ಕುಡಿಯಲು ಇಟ್ಟುಕೊಂಡಿದ್ದ ನೀರು ಕೊಟ್ಟು, ಅವಳು ನುಂಗುವವರೆಗೆ ಎದುರಿಗೇ ನಿಂತರು.