ತಿನ್ನದ ಉಂಡೆಯ ಸಕ್ಕರೆ

ಅರಿಶಿನಕುಂಟೆಯ ನಮ್ಮ ಮನೆಯಲ್ಲಿ ರವೆ ಉಂಡೆಯ ಸ್ಟೀಲ್ ಡಬ್ಬಿ ಇರುವುದು ಅಡುಗೆಕೋಣೆಯ ಅಟ್ಟದ ಮೇಲೆ, ನನ್ನ ಕೈಗೆ ಎಟುಕದಷ್ಟು ಎತ್ತರದಲ್ಲಿ. ಸ್ಟೂಲು ಹತ್ತಿ ಅದನ್ನು ಅಲ್ಲಿಟ್ಟವಳು ನನ್ನ ಹೆಂಡತಿ ಸರೋಜ. ಸಿಹಿಯ ವಿಷಯದಲ್ಲಿ ಅವಳಿಗೆ ನನ್ನ ಮೇಲೆ ನಂಬಿಕೆಯಿಲ್ಲ, ಅದಕ್ಕೆ ಕಾರಣವೂ ಇದೆ. ಆದರೆ ಸ್ವಾಮಿ, ಒಂದು ಸಲ, ಒಂದೇ ಸಲ, ನಾನು ನಿರಪರಾಧಿಯಾಗಿದ್ದೆ.

ಹೋದ ವರ್ಷ ನನ್ನ ಎದೆ ಕೊಯ್ದು ಹೃದಯಕ್ಕೆ ಬೈಪಾಸ್ ಮಾಡಿದರು. ವಾರ್ಡಿಗೆ ಬಂದ ಮೇಲೆ ಜಡಿಗೇನಹಳ್ಳಿಯಿಂದ ಸರೋಜಳ ತಮ್ಮ ನೋಡಲು ಬಂದವನು, ಬರಿಗೈಲಿ ಬರಬಾರದೆಂದು ತಂದಿದ್ದ ಈ ಡಬ್ಬಿಯನ್ನು ಮಂಚದ ಪಕ್ಕ ಇಟ್ಟು ಹೋದ. ಅವನ ಹಿಂದೆಯೇ ನರ್ಸ್ ಬಂದು ಬೆರಳು ಚುಚ್ಚಿ ನೋಡಿದರೆ, ಹುಟ್ಟಿದಾಗಿನಿಂದ ಶುಗರ್ ಕಾಣದ ನನ್ನ ರಕ್ತ ಪಾಕವಾಗಿತ್ತು. ಸರೋಜ ಡಬ್ಬಿಯನ್ನು ನೋಡಿದಳು, ನನ್ನನ್ನು ನೋಡಿದಳು.

"ನಿಮ್ ಜೀವ ಉಳಿದ್ರೆ ಸಾಕು ಅಂತ ನಾನು ಹೊರಗೆ ಕಾಯ್ತಿದ್ದೆ. ನೀವ್ ನೋಡಿದ್ರೆ ಇಲ್ಲಿ ಉಂಡೆ ಮುಕ್ಕೊಂಡು ಕೂತಿದ್ದೀರ."

"ಏನೂ ತಿಂದಿಲ್ಲ ಕಣೇ" ಎಂದೆ. ಅದೇ ಮಾತನ್ನು ಹಿಂದೆ ಎಷ್ಟೋ ಸಲ ಸುಳ್ಳಿಗೆ ಬಳಸಿದ್ದರಿಂದ, ನಿಜವಾದ ದಿನ ಅದಕ್ಕೆ ಬೆಲೆ ಬರಲಿಲ್ಲ. ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಎದೆಯ ಹೊಲಿಗೆಗಿಂತ ಅದು ಹೆಚ್ಚು ನೋಯಿತು.

"ತಿನ್ನದಿದ್ರೂ ಏರುತ್ತಮ್ಮ" ಎಂದು ಡಾಕ್ಟರ್ ಬಿಡಿಸಿ ಹೇಳಿದರು. ಆಪರೇಷನ್ನಿಗೆ ಒಪ್ಪಿ ಸಹಿ ಹಾಕಿದವನು ನಾನು. ದೇಹಕ್ಕೆ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಚಾಕು ತಾಗಿದ್ದೇ ತಡ, ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತ ಗ್ರಂಥಿಗಳು ಕೊಲೆಯಾಗುತ್ತಿದೆಯೆಂದು ಹಾರ್ಮೋನುಗಳನ್ನು ಸುರಿದವಂತೆ. ಓಡಿಹೋಗಲು ಶಕ್ತಿ ಬೇಕೆಂದು ಯಕೃತ್ತು ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಟ್ಟಿತಂತೆ. ಹೃದಯದ ಬದಲು ದುಡಿಯುತ್ತಿದ್ದ ಯಂತ್ರದ ಕೊಳವೆಗಳನ್ನು ಕಂಡು ಬಿಳಿ ರಕ್ತಕಣಗಳು ಶತ್ರು ಬಂದನೆಂದು ಎದ್ದು, ಮೈಯೆಲ್ಲ ಊದಿಸಿ ಜ್ವರ ತರಿಸಿದವಂತೆ. ಎದೆ ತೆರೆದು ಮಲಗಿದವನು ಎಲ್ಲಿಗೆ ಓಡುತ್ತಾನೆಂದು ಕೇಳುವ ಬುದ್ಧಿ ಒಂದಕ್ಕೂ ಇಲ್ಲ. ಇಷ್ಟು ವರ್ಷ ಅನ್ನ ಹಾಕಿ ಸಾಕಿದ ದೇಹ ಇಷ್ಟೊಂದು ದಡ್ಡ ಎಂದು ನನಗೆ ಗೊತ್ತಿರಲಿಲ್ಲ. ಆದರೂ ನಾನು ಎಚ್ಚರ ತಪ್ಪಿ ಬಿದ್ದಿದ್ದಾಗ ನನಗಾಗಿ ಬಡಿದಾಡಿದ್ದು ಅದೇ ತಾನೆ ಎಂದು ಪ್ರೀತಿಯೂ ಬಂತು.

ಸರೋಜ ಕರಗಲಿಲ್ಲ. "ಡಾಕ್ಟ್ರಿಗೂ ಇವ್ರು ಒಂದು ಉಂಡೆ ಕೊಟ್ಟಿರ್ತಾರೆ" ಎಂದು ಎದ್ದವಳಿಗೆ ತಲೆ ಸುತ್ತಿತು. ನರ್ಸ್ ಅವಳ ಬೆರಳನ್ನೂ ಚುಚ್ಚಿ ನೋಡಿದರು. ಅವಳದೂ ಏರಿತ್ತು.

"ಬೆಳಗ್ಗಿಂದ ಏನೂ ತಿಂದಿಲ್ಲ ಕಣ್ರೀ" ಎಂದು ನನ್ನತ್ತ ತಿರುಗಿದಳು, ನನ್ನದೇ ದನಿಯಲ್ಲಿ.

"ಗಾಬರಿಗೂ ಏರುತ್ತಮ್ಮ" ಎಂದರು ಡಾಕ್ಟರ್.

ಅವಳನ್ನು ಯಾರೂ ಕೊಯ್ದಿರಲಿಲ್ಲ. ಹೊರಗಿನ ಬೆಂಚಿನ ಮೇಲೆ ಕೂತವಳ ಮೈಯೂ ಓಡು ಓಡು ಎಂದು ಸಕ್ಕರೆ ಸುರಿದಿತ್ತು. ಅವಳು ಓಡದೆ ಕೂತೇ ಇದ್ದಳು.

ಈಗ ಅಡುಗೆಕೋಣೆಗೆ ಹೋದಾಗಲೆಲ್ಲ ತಲೆಯೆತ್ತಿ ಆ ಡಬ್ಬಿಯನ್ನು ನೋಡುತ್ತೇನೆ. ನನಗೆ ಸಿಗಬಾರದೆಂದೇ ಅಷ್ಟು ಮೇಲಿಟ್ಟಿದ್ದಾಳೆ ಎಂದುಕೊಂಡಿದ್ದೆ. ಸರೋಜ ನನಗಿಂತ ಗಿಡ್ಡ. ಸ್ಟೂಲಿಲ್ಲದೆ ಅವಳಿಗೂ ಅದು ಎಟುಕುವುದಿಲ್ಲ.