ಗದರುವ ಸ್ಟಾರ್ಟರ್

ಕಳೆದ ಯುಗಾದಿಯ ಮರುದಿನ ಹಿರಿಯೂರಿನಲ್ಲಿ, ನಮ್ಮ ಮನೆ ಎದುರಿನ ರಿಪೇರಿ ಅಂಗಡಿಯಲ್ಲಿ, ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರ್ ಒಂದು ಕನ್ನಡ ಮಾತಾಡಿತು.

ಅದನ್ನು ತಂದವರು ಬಬ್ಬೂರು ಕಡೆಯ ಅಜ್ಜಿ. ಫೋನ್ ಮಾಡಿದರೆ ಮೋಟಾರು ಶುರುವಾಗಿ, ಪೆಟ್ಟಿಗೆ ಹಿಂದಿಯಲ್ಲಿ ಉತ್ತರಿಸುತ್ತಿತ್ತು. ಬೋರಿನಲ್ಲಿ ನೀರಿಲ್ಲ ಎಂದು ಅದು ಹೇಳಿದ್ದು ತಿಳಿಯದೆ ಅಜ್ಜಿ ಒಮ್ಮೆ ಮೋಟಾರು ಸುಟ್ಟುಕೊಂಡಿದ್ದರು. ಇನ್ನೊಮ್ಮೆ ಸುಟ್ಟರೆ ಹೊಲದ ಈರುಳ್ಳಿ ಉಳಿಯುತ್ತಿರಲಿಲ್ಲ. ತಯಾರಿಸಿದ ಕಂಪನಿ ಬಾಗಿಲು ಹಾಕಿತ್ತು.

ಅಂಗಡಿಯಾಕೆ ಕನ್ನಡಕವನ್ನು ಹಣೆಗೇರಿಸಿ ಪೆಟ್ಟಿಗೆ ಬಿಚ್ಚಿದರು. ಯಾರೂ ನಕಲು ಮಾಡಬಾರದೆಂದು ಒಳಗಿನ ಎಲೆಕ್ಟ್ರಾನಿಕ್ ಚಿಪ್‌ನ ಮೇಲಿನ ಹೆಸರನ್ನು ಕಂಪನಿಯೇ ಉಜ್ಜಿ ಅಳಿಸಿತ್ತು. ಆಕೆ ಅದರ ಕಾಲುಗಳಿಗೆ ತಂತಿ ಹಿಡಿದು, ಒಳಗಿನದನ್ನು ಲ್ಯಾಪ್‌ಟಾಪಿನಲ್ಲಿ ಓದತೊಡಗಿದರು.

“ಇನ್ನೂ ಎಷ್ಟೊತ್ತವ್ವಾ?”

“ಅವಸರ ಮಾಡಬ್ಯಾಡ್ರಿ ಅಜ್ಜಿ, ಅದಕ್ಕೂ ನಾಚ್ಕೆ ಐತೆ.” ಯಾವ ಯಂತ್ರ ಬಿಚ್ಚಿದರೂ ಆಕೆ ಹೇಳುತ್ತಿದ್ದುದು ಇದನ್ನೇ.

ಸಂಜೆಯ ಹೊತ್ತಿಗೆ ಹಿಂದಿ ಧ್ವನಿ ಇರುವ ಜಾಗ ಸಿಕ್ಕಿತು. “ಕನ್ನಡದಾಗೆ ನೀವೇ ಹೇಳ್ರಿ, ನಿಮ್ಮ ದನಿನೇ ಇದ್ರಾಗೆ ತುಂಬಾಣ,” ಎಂದು ಆಕೆ ರೆಕಾರ್ಡ್ ಮಾಡಲು ಅಜ್ಜಿಯ ಮುಂದೆ ಫೋನು ಹಿಡಿದರು. ಪರೀಕ್ಷೆಗೆ ಕರೆ ಮಾಡಿದಾಗ ಸ್ಟಾರ್ಟರ್ ಅಜ್ಜಿಯ ದನಿಯಲ್ಲೇ ಗದರಿತು: “ಬೋರ್ನಾಗೆ ನೀರಿಲ್ಲ, ಸುಮ್ನಿರಲೇ!”

ಅಂಗಡಿಯಾಕೆ ಮೇಜು ಬಡಿದು ನಕ್ಕರು.

ಆದರೆ ಪೆಟ್ಟಿಗೆ ಹೊಲಕ್ಕೆ ಹೋದ ಮೇಲೆ ಆ ಬೈಗುಳ ಕೇಳಲೆಂದೇ ಊರವರು ಕರೆ ಮಾಡತೊಡಗಿದರು. ಮೋಟಾರು ಹೊತ್ತುಗೊತ್ತಿಲ್ಲದೆ ಓಡಿತು. ಅಂಗಡಿಯಾಕೆ ಮತ್ತೆ ಪೆಟ್ಟಿಗೆ ಬಿಚ್ಚಿದರು.

ಆ ಸಲ ಈರುಳ್ಳಿ ಚೆನ್ನಾಗಿ ಬಂತು. ಈಗ ಅಜ್ಜಿಯ ನಂಬರಿಗೆ ಮಾತ್ರ ಮೋಟಾರು ಓಡುತ್ತದೆ. ಬೇರೆಯವರು ಕರೆದರೆ ಸ್ಟಾರ್ಟರ್, “ನನ್ನ ಮೋಟ್ರು ನಿಂಗ್ಯಾಕಲೇ? ಉಂಡು ಮಲಿಕ್ಕಳೋಗು,” ಎನ್ನುತ್ತದೆ.