ಹೋಳಿಗೆ ಉಣಿಸಿ ಕಳಿಸುವ ಅಜ್ಜಿ

ಆಷಾಢದ ಮಂಗಳವಾರ. ಬಾಗಿಲಿಗೆ ನೀರು ಹಾಕಿ, ಹಾಲು ಕಾಯಿಸಿ, ಕಡಲೆಬೇಳೆ ಬೇಯಲಿಟ್ಟು, ದಿನವೂ ಮಾಡುವಂತೆ ಮಗಳ ಹಣೆ ಮುಟ್ಟಿ ನೋಡಿದೆ. ತಣ್ಣಗಿತ್ತು. ಮೈತುಂಬ ಎದ್ದಿದ್ದ ಗುಳ್ಳೆಗಳು ಒಣಗಿ ಕಪ್ಪಾಗಿದ್ದವು. ಮೊಣಕೈ ಹತ್ತಿರದ್ದೊಂದು ಆಗಲೇ ಉದುರಿತ್ತು. ಡಾಕ್ಟರು ಇದನ್ನು ಚಿಕನ್ ಪಾಕ್ಸ್ ಎಂದರು; ನಮ್ಮ ಜಗಳೂರಿನಲ್ಲಿ ಇದು ಅಮ್ಮ. ಅಮ್ಮ ಬಂದುಹೋದ ಮನೆಯವರು ಅಜ್ಜಿ ಹಬ್ಬವನ್ನು ಹಗುರವಾಗಿ ಮಾಡುವಂತಿಲ್ಲ. ರೋಗರುಜಿನಗಳ ಒಡತಿಯಾದ ಅಜ್ಜಿಗೆ ಹೋಳಿಗೆ ಮಾಡಿ, ಮೊರದಲ್ಲಿಟ್ಟು ಒಯ್ದು, ಊರಾಚೆಯ ಬೇವಿನ ಮರದಡಿ ಬಿಟ್ಟು ಬರಬೇಕು. ಬರುವಾಗ ತಿರುಗಿ ನೋಡಬಾರದು. ನೋಡಿದರೆ ಕರೆದಂತೆ, ಅಜ್ಜಿ ಹಿಂದೆಯೇ ಬಂದುಬಿಡುತ್ತಾಳೆ.

ಹೂರಣ ರುಬ್ಬುತ್ತಿದ್ದಾಗ ಮಗಳು ಮೊಬೈಲು ಹಿಡಿದು ಬಂದಳು. ಜಪಾನಿನ ಯಾವುದೋ ಗುಡಿ. ಜನ ಹುರಿದ ಸೋಯಾ ಕಾಳನ್ನು ಕೆಂಪು ಮುಖವಾಡದ ದೆವ್ವದ ಮೇಲೆ ತೂರುತ್ತ, ಕೇಡು ಹೊರಗೆ, ಭಾಗ್ಯ ಒಳಗೆ ಎಂದು ಕೂಗುತ್ತಿದ್ದರಂತೆ.

“ಮಮ್ಮಿ, ನಾವೂ ಅಜ್ಜಿಗೆ ಹಿಂಗೇ ಹೊಡೆದು ಓಡ್ಸಾಣ. ಹೋಳಿಗೆ ಎಲ್ಲಾ ನಮಗೇ ಉಳಿತಾವೆ!”

ನಕ್ಕೆನಾದರೂ ಯೋಚನೆ ಹೂರಣದಂತೆ ಕೈಗೆ ಅಂಟಿಕೊಂಡಿತು. ನೋಡಿ, ಅವರದೂ ಕಾಳೇ, ನಮ್ಮದೂ ಕಾಳೇ. ಅವರು ಹುರಿದು ಎಸೆಯುತ್ತಾರೆ, ನಾವು ಬೇಯಿಸಿ, ಬೆಲ್ಲ ಬೆರೆಸಿ ಬಡಿಸುತ್ತೇವೆ. ಕಾನ್ವೆಂಟಿನಲ್ಲಿ ಸಿಸ್ಟರ್ ನಮ್ಮನ್ನು ಮೊಣಕಾಲೂರಿಸಿ, ಕೇಡು ಹತ್ತಿರ ಬಾರದಿರಲೆಂದು ಬೇಡಿಸುತ್ತಿದ್ದರು. ಬಂದೇಬಿಟ್ಟ ಕೇಡನ್ನೂ ನೆಂಟಳಂತೆ ಕೂರಿಸಿ, ‘ಉಂಡು ಹೊರಡವ್ವ’ ಎನ್ನುವ ದಾಕ್ಷಿಣ್ಯವನ್ನು ನಾನು ಕಲಿತದ್ದು ಮದುವೆಯಾಗಿ ಇಲ್ಲಿಗೆ ಬಂದ ಮೇಲೆ, ಅತ್ತೆಯಿಂದ.

ಪಕ್ಕದ ಮನೆಯ ಗಂಗಕ್ಕನ ಜೊತೆ ಹೋಗಿ ಮೊರ ಇಳಿಸಿದೆ. ಬೇವಿನ ಸೊಪ್ಪು ಸರಿಪಡಿಸಿ, ನನ್ನ ಕೂಸಿನ ತಂಟೆಗೆ ಮತ್ತೆ ಬರಬೇಡ ತಾಯಿ ಎಂದು ಬೇಡಿ ಹೊರಟೆ. ಗಂಗಕ್ಕ ಸರಸರನೆ ಮುಂದೆ ನಡೆದಿದ್ದರು. ಅಷ್ಟರಲ್ಲಿ ಹಿಂದೆ ಮಗು ಕೆಮ್ಮಿದಂಥ ಸದ್ದು. ತಿರುಗಿಯೇಬಿಟ್ಟೆ. ಮೇಕೆಯೊಂದು ನಮ್ಮ ಮೊರಕ್ಕೆ ಬಾಯಿ ಹಾಕಿ, ಹೋಳಿಗೆ ಗಂಟಲಿಗೆ ಸಿಕ್ಕಿ ಕೆಮ್ಮುತ್ತಿತ್ತು!

ಮಧ್ಯಾಹ್ನವೆಲ್ಲ ಮಗಳ ಹಣೆ ಮುಟ್ಟಿದ್ದೇ ಮುಟ್ಟಿದ್ದು.

“ಸಾಕು ಬಿಡು ಮಮ್ಮಿ, ನಿನ್ನ ಕೈಯೇ ಬಿಸಿ ಐತೆ” ಎಂದು ಗೊಣಗಿದಳು.

ಸಂಜೆ ತಾನೇ ತಟ್ಟೆ ಹಿಡಿದು ಬಂದು, ತುಪ್ಪ ಸುರಿಸಿಕೊಂಡು ಹೋಳಿಗೆ ತಿಂದಳು, ಇನ್ನೊಂದು ಕೇಳಿದಳು. ನಿನ್ನೆಯವರೆಗೆ ಅನ್ನ ಕಂಡರೆ ಮುಖ ಸಿಂಡರಿಸುತ್ತಿದ್ದ ಹುಡುಗಿ! ಆ ಸಮಾಧಾನದಲ್ಲಿ, ಬಟ್ಟಲು ವಾಪಸು ಕೊಡಲು ಬಂದ ಗಂಗಕ್ಕನಿಗೆ ನಾನು ತಿರುಗಿ ನೋಡಿದ್ದನ್ನೂ ಮೇಕೆ ಹೋಳಿಗೆಗೆ ಬಾಯಿ ಹಾಕಿದ್ದನ್ನೂ ಹೇಳಿಬಿಟ್ಟೆ.

ಅವರು ಚಪ್ಪಲಿ ಮೆಟ್ಟುತ್ತ, “ಅಯ್ಯ, ಬಿಡ್ರಿ” ಎಂದರು. “ಹೋಳಿಗೆ ಕಸ್ಕಂಡ ಮೇಕೆ ಬಿಟ್ಟು ಅಜ್ಜಿ ನಿಮ್ಮ ಹಿಂದೆ ಯಾಕ್ ಬರ್ತಾಳೆ?”